ಬೋಸರ ಆಲಿಕೆ ಆಂಟೆನಾ
ಕಲ್ಕತ್ತಾ, 1890ರ ದಶಕ

ಎಣ್ಣೆ ಸುರಿಯುವ ಆಲಿಕೆಯಂತಿರುವ ಈ ಲೋಹದ ಬಾಯಿ ಸುರಿಯುವುದಕ್ಕಲ್ಲ, ರೇಡಿಯೊ ಅಲೆ ಹಿಡಿಯುವುದಕ್ಕೆ. ಜಗದೀಶಚಂದ್ರ ಬೋಸರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸುಮಾರು 5 ಮಿಲಿಮೀಟರ್‌ನಷ್ಟು ಕಿರಿದಾದ ಅಲೆಗಳನ್ನೂ ಪಳಗಿಸಿದರು. ಅಲೆ ಕಿರಿದಾದಷ್ಟೂ ಅದನ್ನು ಒಂದೇ ದಿಕ್ಕಿಗೆ ಹರಿಸಲು ಪುಟ್ಟ ಆಂಟೆನಾ ಸಾಕು. ಮೇಜಿನ ಮೇಲೆಯೇ ಪ್ರಯೋಗ ಮುಗಿಯುತ್ತಿತ್ತು.

ಹಾಳೆಗಳ ನಡುವೆ ತವರದ ತೆಳು ತಗಡು ಸೇರಿಸಿದ ಬ್ರಾಡ್‌ಶಾ ರೈಲ್ವೆ ವೇಳಾಪಟ್ಟಿಯೂ ಅವರ ಉಪಕರಣವೇ! ಪುಸ್ತಕವನ್ನು ಒಂದು ಬಗೆಯಲ್ಲಿ ಹಿಡಿದರೆ ಅಲೆ ದಾಟುತ್ತದೆ, ಕಾಲು ಸುತ್ತು ತಿರುಗಿಸಿದರೆ ತಡೆದು ನಿಲ್ಲುತ್ತದೆ. 1897ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಬೋಸರು ಈ ಕೆಲಸವನ್ನು ವಿವರಿಸಿದರು.

ಮುಂದೆ ಜಗತ್ತು ದೂರ ಸಾಗುವ ಉದ್ದ ಅಲೆಗಳ ಬೆನ್ನು ಹತ್ತಿತು. ಮಿಲಿಮೀಟರ್ ಅಲೆಗಳು 5ಜಿ ಫೋನಿಗೆ ಬಂದದ್ದು ಶತಮಾನ ಕಳೆದ ಮೇಲೆ.