ಕನ್ನಡಿಗರು ಕಂಡ ಜರ್ಮನರು: ವ್ಯೂರ್ಟೆಂಬರ್ಗ್ ನಾಡಿನ ಒಂದು ವಿಚಾರ

ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಿಂದ ಅನೇಕ ತರುಣ ಎಂಜಿನಿಯರುಗಳು ಕಾರ್ಯನಿಮಿತ್ತ ಜರ್ಮನಿಗೆ ಹೋಗಿ ಕೆಲವು ತಿಂಗಳು ಅಲ್ಲಿದ್ದು ಹಿಂದಿರುಗುತ್ತಾರೆ. ಅವರಿಂದ ಕೇಳಿಬರುವ ವರ್ಣನೆ ಬಹುಮಟ್ಟಿಗೆ ಒಂದೇ ಬಗೆಯದು: ಜರ್ಮನರು ಹೊತ್ತಿಗೆ ಸರಿಯಾಗಿ ಬರುವವರು, ಮಿತಭಾಷಿಗಳು, ಮಿತವ್ಯಯಿಗಳು, ವಾಹನವೊಂದೂ ಇಲ್ಲದ ರಸ್ತೆಯಲ್ಲಿಯೂ ಹಸಿರು ದೀಪಕ್ಕಾಗಿ ಕಾದು ನಿಲ್ಲುವವರು. ಈ ವರ್ಣನೆಯು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಇದು ಆ ಜನರ ಹುಟ್ಟುಗುಣ, ನಮ್ಮ ಅಶಿಸ್ತು ನಮ್ಮ ಹುಟ್ಟುಗುಣ ಎಂದು ಅದರ ಬೆನ್ನಿಗೇ ಬರುವ ತೀರ್ಮಾನವನ್ನು ಇತಿಹಾಸದ ವಿದ್ಯಾರ್ಥಿಯು ಪರೀಕ್ಷಿಸದೆ ಒಪ್ಪತಕ್ಕದ್ದಲ್ಲ.

ನಮ್ಮವರು ಕಂಡ ಜರ್ಮನರು ಯಾವ ಸೀಮೆಯವರೆಂಬುದನ್ನು ಮೊದಲು ವಿಚಾರಿಸಬೇಕು. 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಜನರ ಬಾಯಲ್ಲಿ ‘ಮೈಕೋ’ ಎಂದೇ ಪ್ರಸಿದ್ಧವಾದ ಸಂಸ್ಥೆಯ ಮಾತೃಸಂಸ್ಥೆ ಬಾಷ್. ಅದು 1886ರಲ್ಲಿ ಹುಟ್ಟಿದುದು ಸ್ಟುಟ್‌ಗಾರ್ಟ್ ನಗರದಲ್ಲಿ. 1996ರಲ್ಲಿ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರವನ್ನು ತೆರೆದ ಮರ್ಸಿಡಿಸ್-ಬೆಂಜ್ ಸಹ ಸ್ಟುಟ್‌ಗಾರ್ಟಿನದೇ. 1998ರಲ್ಲಿ ಬಂದ ಎಸ್.ಎ.ಪಿ. ಸಂಸ್ಥೆಯ ವಾಲ್‌ಡಾರ್ಫ್ ಊರು ಹಳೆಯ ಬಾಡೆನ್ ಸೀಮೆಗೆ ಸೇರಿದುದಾದರೂ 1952ರಿಂದ ಅದೇ ರಾಜ್ಯದೊಳಗಿದೆ. ಹೀಗೆ ನಮ್ಮ ಪ್ರವಾಸಿಗಳಲ್ಲಿ ಬಹುಮಂದಿ ನೋಡಿಬಂದುದು ಜರ್ಮನಿಯ ನೈಋತ್ಯ ಮೂಲೆಯನ್ನು. ಕೊಡಗನ್ನು ಮಾತ್ರ ಕಂಡು ಕರ್ನಾಟಕವನ್ನೆಲ್ಲ ವರ್ಣಿಸಿದರೆ ಹೇಗೋ ಇದೂ ಹಾಗೆಯೇ.

ಕನ್ನಡ ನಾಡಿಗೂ ಆ ಮೂಲೆಗೂ ಇರುವ ನಂಟು ಕಾರ್ಖಾನೆಗಳಿಗಿಂತ ಬಹಳ ಹಿಂದಿನದು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನ ಕೇಂದ್ರವು ಸ್ವಿಟ್ಜರ್ಲೆಂಡಿನಲ್ಲಿದ್ದರೂ ಅದರ ಪಾದ್ರಿಗಳಲ್ಲಿ ಅನೇಕರು ವ್ಯೂರ್ಟೆಂಬರ್ಗಿನವರು. 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಆ ನಾಡಿನ ಬ್ರಾಕೆನ್‌ಹೈಮ್ ಊರಿನವರು. ನಿಘಂಟುಕಾರ ಕಿಟೆಲ್‌ರು ಮಾತ್ರ ಉತ್ತರ ಸಮುದ್ರತೀರದ ಪೂರ್ವ ಫ್ರೀಸ್‌ಲೆಂಡಿನವರು. ಮೋಗ್ಲಿಂಗರಿಂದ 1844ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದ ಮಂಗಳೂರಿನ ಆನಂದರಾವ್ ಕೌಂಡಿನ್ಯರು 1846ರಲ್ಲಿ ಅವರೊಡನೆ ಯೂರೋಪಿಗೆ ಹೋಗಿ 1851ರವರೆಗೆ ಬಾಸೆಲಿನಲ್ಲಿ ವ್ಯಾಸಂಗ ಮಾಡಿದರು. ಜರ್ಮನ್ ಭಾಷಿಕರ ನಡುವೆ ದೀರ್ಘಕಾಲ ನೆಲೆಸಿದ ಕನ್ನಡ ನಾಡಿನವರಲ್ಲಿ ಅವರು ಬಹು ಮುಂಚಿನವರು. ಇಂದಿನ ತರುಣರು ವಿಮಾನದಲ್ಲಿ ಒಂದೇ ದಿನದಲ್ಲಿ ಮುಗಿಸುವ ಹಾದಿಯನ್ನು ಅವರು ಸೂಯೆಜ್ ಕಾಲುವೆಯೂ ಇಲ್ಲದ ಕಾಲದಲ್ಲಿ ಕ್ರಮಿಸಿದರೆಂಬುದನ್ನು ನೆನೆಯಬೇಕು.

ಇನ್ನು ಆ ನಾಡಿನ ಗುಣವು ರೂಪುಗೊಂಡ ಬಗೆ. ವ್ಯೂರ್ಟೆಂಬರ್ಗ್ 1534ರಲ್ಲಿ ಲೂಥರನ ಮತವನ್ನು ಅಂಗೀಕರಿಸಿತು. 1649ರಲ್ಲಿಯೇ ಮಕ್ಕಳ ಶಾಲೆಯನ್ನು ಕಡ್ಡಾಯಗೊಳಿಸಿತು. ಅಲ್ಲಿ ಬಲಗೊಂಡ ಪೈಯಟಿಸಂ ಎಂಬ ಭಕ್ತಿಪಂಥವು ದುಂದನ್ನೂ ಸೋಮಾರಿತನವನ್ನೂ ಪಾಪವೆಂದು ಬೋಧಿಸಿತು. ಇದಕ್ಕಿಂತಲೂ ಮುಖ್ಯವಾದುದು ಹೊಲದ ಹಿಸ್ಸೆ. ತಂದೆಯ ಭೂಮಿಯನ್ನು ಮಕ್ಕಳೆಲ್ಲರಿಗೂ ಸಮಪಾಲು ಮಾಡುವ ಪದ್ಧತಿ ಅಲ್ಲಿ ರೂಢಿಯಲ್ಲಿತ್ತು. ಗಂಡುಮಕ್ಕಳಿಗೆ ಹೊಲ ಹಂಚಿಹಂಚಿ ಗುಂಟೆಗೆ ಇಳಿಸಿದ ನಮ್ಮ ರೈತರಿಗೆ ಇದರ ಫಲವನ್ನು ವಿವರಿಸಬೇಕಾಗಿಲ್ಲ. ಹೊಲವೊಂದರಿಂದಲೇ ಹೊಟ್ಟೆ ತುಂಬದೆ ಜನರು ನೇಯ್ಗೆ, ಮರಗೆಲಸ, ಗಡಿಯಾರದ ಕೆಲಸಗಳಿಗೆ ಕೈಹಾಕಿದರು. 1815ರ ತಂಬೋರಾ ಜ್ವಾಲಾಮುಖಿಯ ತರುವಾಯ 1816-17ರಲ್ಲಿ ಬೆಳೆ ಕೆಟ್ಟು ಕ್ಷಾಮ ತಲೆದೋರಿ ಸಹಸ್ರಾರು ಮಂದಿ ರಷ್ಯಕ್ಕೂ ಅಮೆರಿಕಕ್ಕೂ ವಲಸೆ ಹೋದರು. ಆ ಸಂಕಟದ ಪ್ರತಿಫಲವಾಗಿಯೇ 1818ರಲ್ಲಿ ಹೋಹೆನ್‌ಹೈಮಿನ ಕೃಷಿವಿದ್ಯಾಲಯವೂ ಬಡವರ ಉಳಿತಾಯ ಬ್ಯಾಂಕೂ ಸ್ಥಾಪಿತವಾದವು. ನಮ್ಮ ಪ್ರವಾಸಿಗಳು ಮೆಚ್ಚುವ ಮಿತವ್ಯಯವು ಹಸಿವಿನಿಂದ ಕಲಿತ ಪಾಠ.

ಆಗಿನ ಕಾಲದ ಪರದೇಶೀಯರಿಗೆ ಜರ್ಮನರು ಚುರುಕಿನವರೆಂದು ತೋರಿರಲೂ ಇಲ್ಲ. ಆಂಗ್ಲ ಲೇಖಕ ಥಾಮಸ್ ಹಾಡ್ಜ್‌ಸ್ಕಿನ್ 1820ರಲ್ಲಿ ಪ್ರಕಟಿಸಿದ ಉತ್ತರ ಜರ್ಮನಿಯ ಪ್ರವಾಸಗ್ರಂಥದಲ್ಲಿ ಅಲ್ಲಿಯ ಜನರ ಆಲಸ್ಯವನ್ನು ಕುರಿತು ಆಕ್ಷೇಪಿಸಿದ್ದಾನೆ. ಇಂದಿನ ಸ್ಥಿತಿಯೂ ಗಮನಾರ್ಹ: 2024ರಲ್ಲಿ ಜರ್ಮನ್ ರೈಲ್ವೆಯ ದೂರಗಾಮಿ ಗಾಡಿಗಳಲ್ಲಿ ಹೊತ್ತಿಗೆ ಸರಿಯಾಗಿ ತಲುಪಿದವು ನೂರಕ್ಕೆ ಸುಮಾರು 62 ಮಾತ್ರ, ಅದೂ ಆರು ನಿಮಿಷಕ್ಕಿಂತ ಕಡಿಮೆಯ ವಿಳಂಬವನ್ನು ವಿಳಂಬವೆಂದೇ ಎಣಿಸದೆ!

ವ್ಯತ್ಯಾಸಗಳೇ ಇಲ್ಲವೆಂದು ಇದರ ಅರ್ಥವಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುವುದನ್ನು ಕಂಡು ನಮ್ಮವರು ಬೆರಗಾಗುತ್ತಾರೆ. ಆ ದಿನದ ವಿಶ್ರಾಂತಿಗೆ 1919ರ ವೈಮಾರ್ ಸಂವಿಧಾನವು ನೀಡಿದ ರಕ್ಷಣೆಯನ್ನು 1949ರ ಸಂವಿಧಾನವೂ ಉಳಿಸಿಕೊಂಡಿದೆ. ಸ್ಟುಟ್‌ಗಾರ್ಟಿನ ವಠಾರದ ಮನೆಗಳಲ್ಲಿ ಮೆಟ್ಟಿಲನ್ನೂ ಬೀದಿಯಂಚನ್ನೂ ವಾರಕ್ಕೊಬ್ಬರ ಸರದಿಯಂತೆ ಗುಡಿಸುವ ಪದ್ಧತಿಯಿದೆ. ನಗರಸಭೆಯು 1988ರಲ್ಲಿ ಅದರ ಕಡ್ಡಾಯವನ್ನು ಕೈಬಿಟ್ಟರೂ ಪದ್ಧತಿ ಉಳಿದುಬಂದಿದೆ. ಮನೆಯೊಳಗೆ ಕನ್ನಡಿಯಂತೆ ಒರೆಸಿ ಕಸವನ್ನು ಬೀದಿಗೆ ತಳ್ಳುವ ನಾವು ಇದನ್ನು ಚಿಂತಿಸಬೇಕು.

ಆದರೆ ಹೆಚ್ಚಿನ ತೊಡಕುಂಟಾಗುವುದು ಮಾತಿನಲ್ಲಿ. ಜರ್ಮನ್ ಭಾಷೆಯಲ್ಲಿ ‘ದು’ ಎಂದರೆ ನೀನು, ‘ಜೀ’ ಎಂದರೆ ನೀವು. ಇಂಗ್ಲಿಷಿನಲ್ಲಿ ಅಳಿದುಹೋದ ಈ ಭೇದವು ಕನ್ನಡಿಗನಿಗೆ ಸಹಜವಾದುದು. ಆದಾಗ್ಯೂ ‘ನೀವು’ ಎಂದೊಡನೆ ಎದುರಾಡಬಾರದೆಂಬ ಸಂಕೋಚವು ನಮ್ಮಲ್ಲಿ ಜೊತೆಗೇ ಬರುತ್ತದೆ. ಜರ್ಮನನು ಗೌರವದ ‘ಜೀ’ಯನ್ನೇ ಬಳಸಿ ಮೇಲಧಿಕಾರಿಗೆ ‘ನಿಮ್ಮ ಲೆಕ್ಕ ತಪ್ಪು’ ಎನ್ನಬಲ್ಲನು. ನಮ್ಮವರು ಆಗದ ಕೆಲಸಕ್ಕೆ ‘ನೋಡೋಣ’ ಎನ್ನುತ್ತಾರೆ. ಅದು ಸೌಜನ್ಯದ ನಿರಾಕರಣೆಯೆಂಬುದು ಕನ್ನಡಿಗರೆಲ್ಲರಿಗೂ ತಿಳಿದದ್ದೇ; ಜರ್ಮನನಾದರೋ ಅದನ್ನು ಒಪ್ಪಿಗೆಯೆಂದೆಣಿಸಿ ಕಾದು, ಕಡೆಗೆ ವಚನಭಂಗವೆಂದು ಬಗೆಯುತ್ತಾನೆ. ಅವನ ನೇರನುಡಿಯನ್ನು ನಾವು ಒರಟುತನವೆನ್ನುತ್ತೇವೆ, ನಮ್ಮ ಸೌಜನ್ಯವನ್ನು ಅವನು ಅಪ್ರಾಮಾಣಿಕತೆಯೆನ್ನುತ್ತಾನೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿರುವುದಿಲ್ಲ.

ಕೈಗೆಲಸದ ಶಿಸ್ತನ್ನು ಬೇರೆ ನೆಲದಲ್ಲಿ ಕಲಿಸಬಹುದೆಂಬುದಕ್ಕೆ ನಮ್ಮಲ್ಲಿಯೇ ಸಾಕ್ಷ್ಯವಿದೆ. 1865ರಲ್ಲಿ ಮಂಗಳೂರಿನಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು ಕರಾವಳಿಯ ಜನರು. ಮುಂದೆ ಅದೇ ಕೆಲಸದ ಕಾರ್ಖಾನೆಗಳನ್ನು ಸ್ಥಳೀಯರೇ ಸ್ಥಾಪಿಸಿ ಮಂಗಳೂರು ಹೆಂಚಿನ ಹೆಸರನ್ನು ದೂರದೂರಕ್ಕೆ ಒಯ್ದರು. 1971ರಲ್ಲಿ ಪಶ್ಚಿಮ ಜರ್ಮನಿಯ ನೆರವಿನಿಂದ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಫೋರ್‌ಮನ್ ತರಬೇತಿ ಸಂಸ್ಥೆ ಆರಂಭವಾಯಿತು. ಪೀಣ್ಯದ ಕಾರ್ಖಾನೆಗಳಿಗೆ ಹೋಗುವ ದಾರಿಯೂ ಅದೇ ರಸ್ತೆ.