ಮನೆ ತಮ್ಮದು, ನೆಲ ಪರರದು

“ಮೊಬೈಲ್” ಎಂದರೆ ಇಂದು ನಮ್ಮಲ್ಲಿ ತರಕಾರಿ ಮಾರುವವಳ ಬುಟ್ಟಿಯಲ್ಲಿಯೂ ಇರುವ ವಸ್ತು. “ಪಾರ್ಕು” ಎಂದರೆ ಸಂಜೆ ಹೊತ್ತು ವೃದ್ಧರು ಹರಟೆ ಹೊಡೆಯುವ ಕಲ್ಲುಬೆಂಚಿನ ತೋಟ. ಅಮೆರಿಕದವರು ಈ ಶಬ್ದಗಳ ನಡುವೆ “ಹೋಂ” ಎಂಬ ಇನ್ನೊಂದನ್ನು ಸೇರಿಸಿ “ಮೊಬೈಲ್ ಹೋಂ ಪಾರ್ಕ್” ಎಂದು ಹೇಳುವಾಗ ಅದರ ಅರ್ಥ ಬೇರೆಯೇ ಆಗುತ್ತದೆ. ಖಾಸಗಿ ಒಡೆಯನೊಬ್ಬನ ನಾಲ್ಕಾರು ಎಕರೆ ನೆಲ. ಅದರಲ್ಲಿ ಸಾಲಾಗಿ ಅಳೆದು ಬಿಟ್ಟ ನಿವೇಶನಗಳು. ಪ್ರತಿ ನಿವೇಶನಕ್ಕೂ ನೀರು, ಚರಂಡಿ, ವಿದ್ಯುತ್ತು. ಕುಟುಂಬವೊಂದು ಕಾರ್ಖಾನೆಯಲ್ಲಿ ತಯಾರಾದ ಮನೆಯನ್ನು ಹಣ ಕೊಟ್ಟು ಕೊಂಡು, ಗಾಲಿಗಳ ಮೇಲೆ ಎಳೆಸಿ ತಂದು, ಅಲ್ಲಿ ನಿಲ್ಲಿಸಿ, ನೆಲಕ್ಕೆ ಮಾತ್ರ ತಿಂಗಳು ತಿಂಗಳಿಗೆ ಬಾಡಿಗೆ ಕೊಡುತ್ತದೆ. ಆ ದೇಶದಲ್ಲಿ ಇಂಥ ಕಾರ್ಖಾನೆಯ ಮನೆಗಳಲ್ಲಿ ಬಾಳುವವರು ಸುಮಾರು 2 ಕೋಟಿ ಜನ. ಅವರೆಲ್ಲರೂ ಪಾರ್ಕುಗಳಲ್ಲಿಯೇ ಇರುವವರಲ್ಲ. ಸ್ವಂತ ನೆಲದ ಮೇಲೆ ಇರುವವರೂ ಬಹಳ. ಆದರೆ ನನ್ನ ಮಾತು ಪಾರ್ಕಿನವರನ್ನು ಕುರಿತದ್ದು.

ನೆಲ ಒಬ್ಬನದು, ಮನೆ ಮತ್ತೊಬ್ಬನದು ಎಂಬುದು ನಮಗೇನೂ ಹೊಸತಲ್ಲ. ದಕ್ಷಿಣ ಕನ್ನಡದ ಮೂಲಗೇಣಿಯನ್ನು ಬಲ್ಲವರಿಗೆ ಇದು ಕೂಡಲೇ ನೆನಪಾಗುತ್ತದೆ. ಮಂಗಳೂರಿನ ಎಷ್ಟೋ ಹಳೆಯ ಮನೆಗಳು ಹೀಗೆ ಪರರ ನೆಲದ ಮೇಲೆಯೇ ಎದ್ದವು. ಆದರೆ ಮೂಲಗೇಣಿಯ ಒಕ್ಕಲಿಗೆ ಒಂದು ಭದ್ರತೆಯಿತ್ತು: ಗೊತ್ತಾದ ಗೇಣಿಯನ್ನು ಸಲ್ಲಿಸುತ್ತಿರುವವರೆಗೆ ಆ ನೆಲ ಅವನಿಗೂ ಅವನ ಮಕ್ಕಳು ಮೊಮ್ಮಕ್ಕಳಿಗೂ ಸಲ್ಲತಕ್ಕದ್ದು. ಅಮೆರಿಕದ ಗಾಲಿಮನೆಯವನ ಕರಾರು ಹೆಚ್ಚಿನ ಕಡೆ ಒಂದು ತಿಂಗಳದು, ಬಹಳವಾದರೆ ಒಂದು ವರ್ಷದ್ದು. ಪೇಟೆ ಬೆಳೆದು ಹತ್ತಿರ ಬಂದಿತು, ನೆಲದ ಬೆಲೆ ಏರಿತು, ಒಡೆಯ ಪಾರ್ಕನ್ನು ಮುಚ್ಚಿ ಅಂಗಡಿಸಾಲಿಗೋ ಬಹುಮಹಡಿ ಕಟ್ಟಡಕ್ಕೋ ಕೊಟ್ಟನು ಎನ್ನಿ. ಆಗ ನೂರಾರು ಜನ ತಮ್ಮ ಸ್ವಂತ ಮನೆಯಲ್ಲಿ ಕುಳಿತಿದ್ದೂ ನಿರ್ಗತಿಕರಾಗುವ ವಿಚಿತ್ರ ಸನ್ನಿವೇಶ ಒದಗುತ್ತದೆ. ಅವರಿಗೆ ಯಾರು, ಎಷ್ಟು, ಯಾವ ಲೆಕ್ಕದಿಂದ ಪರಿಹಾರ ಕೊಡಬೇಕು? ಈ ಪ್ರಶ್ನೆಗೆ ಆ ದೇಶ ಕಳೆದ ಐವತ್ತು ವರ್ಷಗಳಿಂದ ಬಗೆಬಗೆಯ ಉತ್ತರಗಳನ್ನು ಕೊಟ್ಟು ನೋಡಿದೆ.

ಮೊದಲಲ್ಲಿ ಈ ಮನೆಗಳಿಗೆ ನಿಜವಾಗಿಯೂ ಗಾಲಿಯ ಉಪಯೋಗವಿತ್ತು. ಮೊದಲನೆಯ ಮಹಾಯುದ್ಧ ಮುಗಿದು ಮೋಟಾರುಗಳು ಅಗ್ಗವಾದಾಗ, ಸಂಸಾರ ಸಮೇತ ಊರೂರು ತಿರುಗುವ ಹುಚ್ಚು ಆ ಜನಕ್ಕೆ ಹಿಡಿಯಿತು. 1919ರಲ್ಲಿ ಫ್ಲಾರಿಡದ ಟ್ಯಾಂಪಾದಲ್ಲಿ ಇಂಥ ಸಂಚಾರಿಗಳು ಸೇರಿ “ತಗಡಿನ ಡಬ್ಬಿಯ ಯಾತ್ರಿಕರು” ಎಂಬರ್ಥದ ಹೆಸರಿಟ್ಟುಕೊಂಡು ಒಂದು ಸಂಘವನ್ನೇ ಕಟ್ಟಿದರು. ವಿನೋದಕ್ಕೆಂದು ಹುಟ್ಟಿದ ಟ್ರೇಲರು 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಮನೆ ಕಳೆದುಕೊಂಡವರ ಆಸರೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರ್ಖಾನೆಗಳ ಕೆಲಸಗಾರರಿಗೆ ಬಿಡಾರವಾಯಿತು. ಆ ಕಾಲದವರೆಗೆ ಅದರ ಅಗಲ ಎಂಟೇ ಅಡಿ. ಹೆದ್ದಾರಿಯ ನಿಯಮ ಅದಕ್ಕಿಂತ ಹೆಚ್ಚು ಬಿಡುತ್ತಿರಲಿಲ್ಲ. 1954ರಲ್ಲಿ ವಿಸ್ಕಾನ್ಸಿನ್ನಿನ ಎಲ್ಮರ್ ಫ್ರೇ ಎಂಬ ತಯಾರಕನು ಹತ್ತಡಿ ಅಗಲದ ಮನೆಯನ್ನು ಮಾರುಕಟ್ಟೆಗೆ ತಂದನು. ಎರಡಡಿಯಲ್ಲಿ ಏನಿದೆ ಎನ್ನಬೇಡಿ. ಆ ಎರಡಡಿಯಿಂದ ಕೋಣೆಗಳ ಪಕ್ಕದಲ್ಲಿ ಒಂದು ಓಣಿ ಬಿಡಲು ಬಂದಿತು. ಮಲಗುವ ಕೋಣೆಯೊಂದನ್ನು ಹಾದು ಮತ್ತೊಂದಕ್ಕೆ ಹೋಗುವ ಮುಜುಗರ ತಪ್ಪಿತು. ಗಾಡಿ ಹೋಗಿ ಮನೆಯಾಯಿತು. ಅದರೊಂದಿಗೇ ಅದನ್ನು ರಸ್ತೆಯ ಮೇಲೆ ಎಳೆಯಲು ವಿಶೇಷ ಪರವಾನಗಿ ಬೇಕಾಯಿತು. ಬಳಿಕ ಹನ್ನೆರಡು ಅಡಿ, ಹದಿನಾಲ್ಕು ಅಡಿ, ಎರಡು ತುಂಡು ತಂದು ಜೋಡಿಸುವ ಇಮ್ಮಡಿ ಮನೆ. ಮನೆ ಹಿಗ್ಗಿದಷ್ಟೂ ಗಾಲಿ ನೆಪಕ್ಕೆ ಉಳಿಯಿತು.

1976ರ ಜೂನ್ ತಿಂಗಳಲ್ಲಿ ಇಂಥ ಮನೆಗಳ ಕಟ್ಟಡಕ್ಕೆ ಕೇಂದ್ರ ಸರಕಾರದ ನಿಯಮಾವಳಿ ಜಾರಿಗೆ ಬಂದಿತು. ಅದು ಒಳ್ಳೆಯದೇ. ಆದರೆ ಅಂದಿನಿಂದ ಅದಕ್ಕೂ ಹಿಂದಿನ ಮನೆಗಳನ್ನು ಸೇರಿಸಿಕೊಳ್ಳಲು ಎಷ್ಟೋ ಪಾರ್ಕುಗಳು ಒಪ್ಪವು. ಹಳೆಯ ಮನೆಯ ಮುದುಕಿಗೆ ಸಾಗಣೆಯ ವೆಚ್ಚ ಪೂರ್ತಿ ಕೊಟ್ಟರೂ ಆ ಮನೆಯನ್ನು ಸಾಗಿಸುವುದು ಎಲ್ಲಿಗೆ? ಸಾಗಣೆಯಾದರೂ ಅಗ್ಗವಲ್ಲ. ಅಡಿಯ ಕಟ್ಟೆ ಬಿಚ್ಚಿ, ನೀರು ವಿದ್ಯುತ್ತಿನ ಜೋಡಣೆ ಕಳಚಿ, ಲಾರಿಗೆ ಕಟ್ಟಿ ಎಳೆದು, ಮತ್ತೆ ಎಲ್ಲವನ್ನೂ ಕೂಡಿಸುವುದಕ್ಕೆ ಸಾವಿರಾರು ಡಾಲರು ಬೇಕು. ಹಳೆಯ ಮನೆಗಳು ದಾರಿಯಲ್ಲಿಯೇ ಸಂದುಬಿಟ್ಟು ಮುರಿಯುವುದುಂಟು. 1992ರಲ್ಲಿ ಎಸ್ಕಾಂಡಿಡೊ ನಗರದ ಬಾಡಿಗೆ ನಿಯಂತ್ರಣದ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವೇ ಈ ಸಂಗತಿಯನ್ನು ದಾಖಲಿಸಿತು. “ಮೊಬೈಲ್ ಹೋಂ” ಎಂಬ ಹೆಸರೇ ದಾರಿ ತಪ್ಪಿಸುವಂಥದು, ಒಮ್ಮೆ ನಿಂತ ಇಂಥ ಮನೆಗಳಲ್ಲಿ ಮತ್ತೆ ಕದಲುವುದು ಸುಮಾರು ನೂರಕ್ಕೆ ಒಂದು ಎಂಬುದು ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್ ಅವರು ಬರೆದ ತೀರ್ಪಿನ ತಾತ್ಪರ್ಯ.

ಹೀಗಿದ್ದೂ ಶಾಸನಕರ್ತರ ಮನಸ್ಸಿನಿಂದ ಗಾಲಿಯ ಚಿತ್ರ ಅಳಿಯಲಿಲ್ಲ. ಪರಿಹಾರದ ಕಾನೂನುಗಳನ್ನು ಒಂದೊಂದಾಗಿ ಓದುತ್ತ ಹೋದಂತೆ ನನಗೆ ಎದ್ದು ಕಂಡುದು ಇದೇ. ಅವು ಲೆಕ್ಕ ಹಾಕುವುದು ಲಾರಿಯ ಬಾಡಿಗೆಯನ್ನು. ಒಕ್ಕಲು ಕಳೆದುಕೊಳ್ಳುವುದು ನೆಲೆಯನ್ನು.

ಕೇಂದ್ರ ಸರಕಾರದ 1970ರ ಪುನರ್ವಸತಿ ಸಹಾಯ ಶಾಸನ ಈ ವಿಷಯದಲ್ಲಿ ಉದಾರವಾದದ್ದೆಂದೇ ಹೇಳಬೇಕು. ಸಾಗಣೆಯ ವೆಚ್ಚವಲ್ಲದೆ, ಬದಲಿ ಮನೆಗಾಗಿ ಸ್ವಂತ ಮನೆಯವನಿಗೆ 15,000 ಡಾಲರುಗಳವರೆಗೆ, ಬಾಡಿಗೆಯವನಿಗೆ 4,000ದವರೆಗೆ ಅದು ಗೊತ್ತುಮಾಡಿತು. ಗಾಲಿಮನೆಯವನು ಮನೆಗೆ ಒಡೆಯ, ನೆಲಕ್ಕೆ ಬಾಡಿಗೆದಾರ ಎಂಬ ಇಬ್ಬಂದಿಯನ್ನೂ ಅದರ ನಿಯಮಗಳು ಗುರುತಿಸಿದವು. ಆದರೆ ಅದು ಅನ್ವಯಿಸುವುದು ಕೇಂದ್ರದ ಹಣದಿಂದ ನಡೆಯುವ ಕಾರ್ಯಗಳಿಗೆ ಮಾತ್ರ. ಹೆದ್ದಾರಿಗಾಗಿ ಪಾರ್ಕು ಹೋದರೆ ಉಂಟು. ಒಡೆಯನೇ ನೆಲವನ್ನು ಅಂಗಡಿಸಾಲಿಗೆ ಮಾರಿದರೆ ಇಲ್ಲ. ಪಾರ್ಕುಗಳು ಮುಚ್ಚುವುದು ಬಹುಮಟ್ಟಿಗೆ ಈ ಎರಡನೆಯ ರೀತಿಯಲ್ಲಿ.

ಆದ್ದರಿಂದ ರಾಜ್ಯಗಳು ಕೈಹಾಕಬೇಕಾಯಿತು. ವಾಯವ್ಯದ ವಾಷಿಂಗ್ಟನ್ ರಾಜ್ಯದ ಕಥೆಯನ್ನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ಪ್ರಶ್ನೆಯ ಎರಡು ಮುಖಗಳೂ ಅದರಲ್ಲಿ ಕಾಣುತ್ತವೆ. ಪಾರ್ಕು ಮುಚ್ಚುವ ಒಡೆಯನೇ ಒಕ್ಕಲುಗಳ ಸ್ಥಳಾಂತರಕ್ಕೆ ಹಣ ಕೊಡತಕ್ಕದ್ದೆಂದು 1989ರಲ್ಲಿ ಅಲ್ಲಿನ ಶಾಸನಸಭೆ ಕಾನೂನು ಮಾಡಿತು. ಒಡೆಯರು ನ್ಯಾಯಾಲಯಕ್ಕೆ ಹೋದರು. 1993ರಲ್ಲಿ, ಗಿಮಾಂಟ್ ಎಂಬವರ ಹೆಸರಿನ ಮೊಕದ್ದಮೆಯಲ್ಲಿ, ರಾಜ್ಯದ ಸರ್ವೋಚ್ಚ ನ್ಯಾಯಾಲಯ ಆ ಕಾನೂನನ್ನು ತಳ್ಳಿಹಾಕಿತು. ಅಗ್ಗದ ವಸತಿಯ ಅಭಾವ ಇಡೀ ಸಮಾಜದ ಸಮಸ್ಯೆ. ತನ್ನ ವ್ಯಾಪಾರವನ್ನು ನಿಲ್ಲಿಸುವ ಒಬ್ಬ ಒಡೆಯ ಅದಕ್ಕೆ ಮಿಕ್ಕವರಿಗಿಂತ ಹೆಚ್ಚು ಹೊಣೆಯಲ್ಲ. ಆ ಭಾರವನ್ನೆಲ್ಲ ಅವನೊಬ್ಬನ ತಲೆಗೆ ಕಟ್ಟುವುದು ಅತಿಯಾದ ದಬ್ಬಾಳಿಕೆ—ಇದು ನ್ಯಾಯಾಲಯದ ವಾದಸರಣಿ. ಈ ವಾದವನ್ನು ಸುಲಭವಾಗಿ ತೆಗೆದುಹಾಕುವಂತಿಲ್ಲ. ಸಣ್ಣ ಪಾರ್ಕುಗಳ ಒಡೆಯರಲ್ಲಿ ಇಳಿವಯಸ್ಸಿಗೆಂದು ಆ ನೆಲವನ್ನೇ ನಂಬಿದವರೂ ಇರುತ್ತಾರೆ. ಆದರೆ ಅದನ್ನು ಪೂರ್ತಿ ಒಪ್ಪಲೂ ನನಗೆ ಮನಸ್ಸಾಗದು. ಸಮಾಜದ ಹೊಣೆ ಎಂದ ಮೇಲೆ ಸಮಾಜ ಹೊರಬೇಕಷ್ಟೆ? ಮುಂದೆ ಆದುದು ಬೇರೆ. ರಾಜ್ಯವು ಒಂದು ನಿಧಿಯನ್ನು ಏರ್ಪಡಿಸಿ, ಗಾಲಿಮನೆಗಳ ಮಾಲಿಕತ್ವದ ವರ್ಗಾವಣೆಯ ಮೇಲೆ 100 ಡಾಲರಿನ ಶುಲ್ಕ ಹಾಕಿ ಅದನ್ನು ತುಂಬಿಸಲು ಹೊರಟಿತು. ಆ ಶುಲ್ಕ ಬೀಳುವುದು ಇಂಥ ಮನೆಗಳನ್ನು ಕೊಳ್ಳುವವರ ಮೇಲೆಯೇ. ಒಡೆಯನ ಹೆಗಲಿನಿಂದ ಇಳಿದ ಹೊರೆ ಸಮಾಜದ ಹೆಗಲಿಗೆ ಹೋಗುವ ಬದಲು ಸುತ್ತು ಬಳಸಿ ಒಕ್ಕಲಿನ ಹೆಗಲಿಗೇ ಬಂದು ಕುಳಿತಿತು. ಪಾರ್ಕು ಮಾರಾಟಕ್ಕೆ ಬಂದಾಗ ಮೊದಲು ಕೊಳ್ಳುವ ಹಕ್ಕು ಒಕ್ಕಲುಗಳಿಗಿರಲಿ ಎಂಬ ಮತ್ತೊಂದು ಕಾನೂನನ್ನೂ ಅದೇ ನ್ಯಾಯಾಲಯ 2000ದಲ್ಲಿ ಉಳಿಯಗೊಡಲಿಲ್ಲ. 2023ರಲ್ಲಿ ಆ ರಾಜ್ಯ ಮುಚ್ಚುವ ನೋಟೀಸಿನ ಅವಧಿಯನ್ನು ಎರಡು ವರ್ಷಕ್ಕೆ ಏರಿಸಿತು. ಒಡೆಯನು ಹಣ ಕೊಟ್ಟರೆ ಅವಧಿ ಕಡಿಮೆಯಾಗುತ್ತದೆ.

ನೆರೆಯ ಆರೆಗನ್ ರಾಜ್ಯದಲ್ಲಿ ಮಾತ್ರ ಒಡೆಯನ ಹೊಣೆ ನಿಂತಿತು. 2007ರ ಅಲ್ಲಿನ ಶಾಸನ ಒಂದು ವರ್ಷದ ನೋಟೀಸನ್ನೂ, ಒಂಟಿ ಮನೆಗೆ 5,000, ಇಮ್ಮಡಿಗೆ 7,000, ಮುಮ್ಮಡಿಗೆ 9,000 ಡಾಲರನ್ನೂ ವಿಧಿಸಿತು.

ಫ್ಲಾರಿಡದ ವ್ಯವಸ್ಥೆ ಕಾಗದದ ಮೇಲೆ ಬಹಳ ಅಚ್ಚುಕಟ್ಟು. 2001ರಲ್ಲಿ ಅಲ್ಲೊಂದು ಸ್ಥಳಾಂತರ ನಿಗಮವೇ ಸ್ಥಾಪನೆಯಾಯಿತು. ಒಕ್ಕಲು ವರ್ಷಕ್ಕೊಂದು ಡಾಲರು ಕಟ್ಟಬೇಕು. ಪಾರ್ಕು ಮುಚ್ಚುವ ಒಡೆಯ ಮನೆಯೊಂದಕ್ಕೆ ಇಷ್ಟೆಂದು ನಿಧಿಗೆ ಸಲ್ಲಿಸಬೇಕು. ಬಹುಕಾಲದವರೆಗೆ ಒಂಟಿ ಮನೆಯ ಸಾಗಣೆಗೆ 3,000, ಇಮ್ಮಡಿಗೆ 6,000 ಡಾಲರಿನ ಮಿತಿಯಿತ್ತು. ಮನೆಯನ್ನು ಅಲ್ಲಿಯೇ ಬಿಟ್ಟು ಬರಿಗೈಯಲ್ಲಿ ಹೊರಡುವವನಿಗೆ ಅದರ ಅರ್ಧಕ್ಕಿಂತಲೂ ಕಡಿಮೆ—ಒಂಟಿ ಮನೆಗೆ 1,375. ಸಮಾಜಶಾಸ್ತ್ರಜ್ಞೆ ಎಸ್ತರ್ ಸಲಿವನ್ ಅವರು ಫ್ಲಾರಿಡದಲ್ಲಿಯೂ ಟೆಕ್ಸಾಸಿನಲ್ಲಿಯೂ ಮುಚ್ಚಲಿರುವ ಪಾರ್ಕುಗಳಲ್ಲಿ ತಾವೇ ಬಾಡಿಗೆಗಿದ್ದು, ಕಂಡದ್ದನ್ನು 2018ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಟೆಕ್ಸಾಸಿನಲ್ಲಿ ಇಂಥ ನಿಧಿಯಿರಲಿಲ್ಲ. ಅಲ್ಲಿನವರ ಪಾಡು ಘೋರವೇ. ಆದರೆ ಸಹಾಯವಿದ್ದ ಫ್ಲಾರಿಡದವರ ಪಾಡು ಸುಗಮವಾಗಿತ್ತೇ ಎಂದರೆ ಹಾಗಿಲ್ಲ. ಹಣ ಹೋಗುತ್ತಿದ್ದುದು ಒಕ್ಕಲಿನ ಕೈಗಲ್ಲ, ಸಾಗಿಸುವ ಕಂಪೆನಿಗೆ. ಮನೆ ಯಾವ ದಿನ ಎದ್ದೀತು, ಎಲ್ಲಿಗೆ ಹೋದೀತು, ಅಲ್ಲಿ ಯಾವಾಗ ಬಾಗಿಲು ತೆರೆದೀತು ಎಂಬುದೆಲ್ಲ ಕಂಪೆನಿಯ ಅನುಕೂಲಕ್ಕೆ ಬಿಟ್ಟದ್ದು. ಮನೆಯವರು ಕಾಯುತ್ತಲೇ ಇದ್ದರು. ಒಕ್ಕಲೆಬ್ಬಿಸುವುದರ ಸುತ್ತ ಒಂದು ವ್ಯಾಪಾರವೇ ಬೆಳೆದುಕೊಂಡಿತ್ತು. ನಮ್ಮಲ್ಲಿಯೂ ಪರಿಹಾರದ ಕಡತಗಳ ಹಿಂದೆ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಾರಿಯ ಲೆಕ್ಕವನ್ನೇ ಬಿಟ್ಟು ನೆಲದ ಲೆಕ್ಕಕ್ಕೆ ಕೈಹಾಕಿದವರು ಈಶಾನ್ಯದ ಪುಟ್ಟ ರಾಜ್ಯವಾದ ನ್ಯೂ ಹ್ಯಾಂಪ್‌ಷೈರಿನವರು. 1984ರಲ್ಲಿ ಮೆರೆಡಿತ್ ಎಂಬ ಊರಿನಲ್ಲಿ ಹದಿಮೂರು ಕುಟುಂಬಗಳ ಪಾರ್ಕೊಂದು ಮಾರಾಟಕ್ಕೆ ಬಂದಿತು. ಆಗತಾನೆ ಹುಟ್ಟಿದ್ದ ಸಮುದಾಯ ಸಾಲನಿಧಿಯೊಂದು ತನ್ನ ಮೊಟ್ಟಮೊದಲ ಸಾಲವನ್ನು ಆ ಹದಿಮೂರು ಕುಟುಂಬಗಳ ಸಹಕಾರ ಸಂಘಕ್ಕೆ ಕೊಟ್ಟಿತು. ಅವರು ತಮ್ಮ ಕಾಲಡಿಯ ನೆಲವನ್ನು ತಾವೇ ಕೊಂಡರು. ಆ ರಾಜ್ಯದಲ್ಲಿ ಇಂಥ ಸಂಘಗಳು ಇಂದು ನೂರನ್ನು ಮೀರಿವೆ. ಸಹಕಾರ ಚಳವಳಿಗೆ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಷ್ಟು ಹಿಂದೆಯೇ ನಾಂದಿ ಹಾಡಿದ ನಾಡಿನವರಾದ ನಮಗೆ ಈ ಸುದ್ದಿ ಮೆಚ್ಚಿಗೆಯಾಗಬೇಕಾದದ್ದೇ.

ಆದರೆ ಮೆರೆಡಿತ್ತಿನ ನೆಲದ ಬೆಲೆ ಎಲ್ಲೆಲ್ಲಿಯೂ ಇಲ್ಲ. ಕ್ಯಾಲಿಫೋರ್ನಿಯದ ಪಾಲೊ ಆಲ್ಟೊ ನಗರದ ಹೆಸರನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಅದರ ಸುತ್ತಿನ ಗಣಕಯಂತ್ರದ ಕಂಪೆನಿಗಳಲ್ಲಿ ಕನ್ನಡಿಗರು ಎಷ್ಟೋ ಮಂದಿ ಇದ್ದಾರೆ. ಆ ಶ್ರೀಮಂತ ನಗರದಲ್ಲಿ ಉಳಿದಿದ್ದುದು ಒಂದೇ ಒಂದು ಗಾಲಿಮನೆಯ ಪಾರ್ಕು, ಹೆಸರು ಬ್ಯೂನ ವಿಸ್ಟ. 1926ರಲ್ಲಿ ಪ್ರವಾಸಿಗಳ ತಂಗುದಾಣವಾಗಿ ಹುಟ್ಟಿದ್ದು. ನಾಲ್ಕೂವರೆ ಎಕರೆ, 117 ವಾಸಗಳು, ನಾಲ್ಕು ನೂರರಷ್ಟು ಜನ. ಹೆಚ್ಚಿನವರು ಸ್ಪ್ಯಾನಿಷ್ ಭಾಷೆಯ ದುಡಿಮೆಗಾರ ಕುಟುಂಬದವರು. 2012ರಲ್ಲಿ ಒಡೆಯರು ಮುಚ್ಚಲು ಅರ್ಜಿ ಹಾಕಿದರು. ನಗರದ ನಿಯಮದ ಪ್ರಕಾರ ಪ್ರತಿ ಮನೆಗೂ ಬೆಲೆ ಕಟ್ಟಿಸಬೇಕಾಗಿತ್ತು. ಒಕ್ಕಲುಗಳು ಆಗ ಎತ್ತಿದ ಪ್ರಶ್ನೆ ಇದು: ನಮ್ಮ ಮಕ್ಕಳು ಓದುತ್ತಿರುವ ಶಾಲೆಗಳಿಗೆ ಎಷ್ಟು ಬೆಲೆ ಕಟ್ಟಿದ್ದೀರಿ? ಪಾಲೊ ಆಲ್ಟೊದ ಸರಕಾರಿ ಶಾಲೆಗಳು ಆ ರಾಜ್ಯದಲ್ಲಿಯೇ ಹೆಸರಾದವು. ಹಳೆಯ ತಗಡಿನ ಮನೆಯ ಬೆಲೆಯನ್ನೂ ಸಾಗಣೆಯ ವೆಚ್ಚವನ್ನೂ ಕೈಗಿತ್ತು ನೂರು ಮೈಲಿ ದೂರಕ್ಕೆ ಕಳುಹಿಸಿದರೆ ಶಾಲೆ ಲಾರಿಯ ಹಿಂದೆ ಬರುವುದಿಲ್ಲವಲ್ಲ. 2015ರಲ್ಲಿ ನಗರಸಭೆ ಮುಚ್ಚುವುದಕ್ಕೆ ಒಪ್ಪಿಗೆ ಕೊಟ್ಟೂ ಆಯಿತು. ಆದರೆ ಒಕ್ಕಲುಗಳ ಸಂಘ ಪಟ್ಟು ಬಿಡಲಿಲ್ಲ. ಊರಿನ ಉಳ್ಳವರಲ್ಲಿಯೂ ಹಲವರು ಅವರ ಪರವಾಗಿ ನಿಂತರು. ಕೌಂಟಿಯ ಪ್ರತಿನಿಧಿ ಜೋ ಸಿಮಿಟಿಯನ್ ಹಣ ಹೊಂದಿಸಲು ಮುಂದಾದರು. ಕೊನೆಗೆ ಕೌಂಟಿ 1 ಕೋಟಿ 45 ಲಕ್ಷ, ನಗರ ಅಷ್ಟೇ ಮೊತ್ತ, ಉಳಿದದ್ದನ್ನು ಕೌಂಟಿಯ ವಸತಿ ಪ್ರಾಧಿಕಾರ ಕೂಡಿಸಿ, 2017ರಲ್ಲಿ 4 ಕೋಟಿ 4 ಲಕ್ಷ ಡಾಲರಿಗೆ ಆ ನೆಲ ಪ್ರಾಧಿಕಾರದ ವಶಕ್ಕೆ ಬಂದಿತು. ಒಂದು ವಾಸಕ್ಕೆ ಭಾಗಿಸಿ ನೋಡಿದೆ: ಸುಮಾರು 3 ಲಕ್ಷ 45 ಸಾವಿರ ಡಾಲರು. ಫ್ಲಾರಿಡದ ಮೂರು ಸಾವಿರವನ್ನು ಇದರ ಪಕ್ಕದಲ್ಲಿ ಇಟ್ಟರೆ, ಲಾರಿಗೂ ನೆಲೆಗೂ ಇರುವ ಅಂತರ ಅಂಕಿಗಳಲ್ಲಿಯೇ ಕಾಣುತ್ತದೆ.

ಪ್ರತಿ ಊರಿನಲ್ಲಿಯೂ ಇಷ್ಟು ಹಣ ಸುರಿಯುವುದು ಆಗದ ಮಾತು. 2020ರಲ್ಲಿ ಕ್ಯಾಲಿಫೋರ್ನಿಯದ ಶಾಸನಸಭೆ ತನ್ನ ಹಳೆಯ ಕಾನೂನಿಗೆ ಒಂದು ತಿದ್ದುಪಡಿ ತಂದಿತು. ಮುಚ್ಚಿದ ಪಾರ್ಕಿನ ಒಕ್ಕಲಿಗೆ ಬೇರೊಂದು ಪಾರ್ಕಿನಲ್ಲಿ ತಕ್ಕ ವಸತಿ ಸಿಗದಿದ್ದರೆ, ಪಾರ್ಕನ್ನು ಮುಚ್ಚುವವನು ಅವನ ಮನೆಗೆ ಅದು ನಿಂತ ಜಾಗದಲ್ಲಿರುವಾಗಿನ ಪೇಟೆಬೆಲೆಯನ್ನೇ ಕೊಡತಕ್ಕದ್ದು. ಆ ಬೆಲೆಯನ್ನು ಕಟ್ಟುವವನು ರಾಜ್ಯದ ಪ್ರಮಾಣಪತ್ರ ಪಡೆದವನಾಗಿರಬೇಕು. ಲೆಕ್ಕ ಮಾಡುವಾಗ ಆ ಪಾರ್ಕು ಮುಚ್ಚುವುದೇ ಇಲ್ಲ, ಎಂದಿನಂತೆ ನಡೆಯುತ್ತ ಹೋಗುವುದು ಎಂದು ಭಾವಿಸಿಕೊಳ್ಳಬೇಕು.