ಅಂಗಾಲಿನ ಕಪ್ಪು ಮಚ್ಚೆ ಮತ್ತು ಎಂಆರ್‌ಐ

ಹೈದರಾಬಾದಿನ ಮೆಹದಿ ನವಾಜ್ ಜಂಗ್ ಕ್ಯಾನ್ಸರ್ ಆಸ್ಪತ್ರೆ ಶುರುವಾದದ್ದು 1955ರಲ್ಲಿ. ಆಗ ಬೀದರ್, ಕಲಬುರಗಿ, ರಾಯಚೂರು ಕೂಡ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಮರುವರ್ಷ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಸೇರಿದವು. ಗಡಿ ಬದಲಾಯಿತು, ದೊಡ್ಡ ಕಾಯಿಲೆ ಬಂದರೆ ಹೈದರಾಬಾದಿನ ದಾರಿ ಹಿಡಿಯುವ ರೂಢಿ ಈ ಜಿಲ್ಲೆಗಳಲ್ಲಿ ಉಳಿಯಿತು. ಅಂದಿನ ವೈದ್ಯರ ಬಳಿ ಎಕ್ಸ್‌-ರೇ, ರೇಡಿಯಂ, ಶಸ್ತ್ರ, ಸೂಕ್ಷ್ಮದರ್ಶಕ ಇದ್ದವು, ಎಂಆರ್‌ಐ ಇರಲಿಲ್ಲ. ಇಂದು ರೋಗಿಯ ಕಡೆಯವರು ಮೊದಲು ಕೇಳುವುದೇ ಅದನ್ನು.

ಎಂಆರ್‌ಐ ಹುಟ್ಟಿದ್ದೂ ಕ್ಯಾನ್ಸರ್ ಗುರುತಿಸುವ ಆಸೆಯಿಂದಲೇ. ಕಾಂತಕ್ಷೇತ್ರದಲ್ಲಿ ಕದಲಿಸಿದ ಹೈಡ್ರೋಜನ್ ಪರಮಾಣುಗಳು ಮೊದಲಿನ ಸ್ಥಿತಿಗೆ ಮರಳಲು ಇಲಿಯ ಕ್ಯಾನ್ಸರ್ ಗೆಡ್ಡೆಯಲ್ಲಿ ಹೆಚ್ಚು ಹೊತ್ತು ಬೇಕೆಂದು ಅಮೆರಿಕದ ರೇಮಂಡ್ ದಮಾಡಿಯನ್ 1971ರಲ್ಲಿ ತೋರಿಸಿದರು. 1973ರಲ್ಲಿ ಪಾಲ್ ಲಾಟರ್‌ಬರ್ ಇಂಥ ಸಂಕೇತಗಳಿಂದ ಚಿತ್ರ ಮೂಡಿಸಿದರು. 1975ರಲ್ಲಿ ಜ್ಯೂರಿಕ್‌ನಲ್ಲಿ ಅನಿಲ್ ಕುಮಾರ್, ಡೀಟರ್ ವೆಲ್ಟಿ, ರಿಚರ್ಡ್ ಅರ್ನ್‌ಸ್ಟ್ ಸೇರಿ ರೂಪಿಸಿದ ಫೂರಿಯೇ ವಿಧಾನವೇ ಇಂದಿನ ಯಂತ್ರಗಳಿಗೆ ಬುನಾದಿ. ಈ ಅನಿಲ್ ಕುಮಾರ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು.

ಚಿತ್ರ ಸಿಕ್ಕಿತು, ಆದರೆ ಮೊದಲಿನ ಆಸೆ ಪೂರ್ತಿ ಕೈಗೂಡಲಿಲ್ಲ. ಬಾವು, ಸೋಂಕುಗಳಲ್ಲೂ ನೀರಿನಂಶ ಹೆಚ್ಚಿ ಅಂಥದೇ ಸಂಕೇತ ಬರುತ್ತದೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ತೀರ್ಪು ಬಯಾಪ್ಸಿಯ ಬಳಿಯೇ ಉಳಿಯಿತು.

ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಇಲ್ಲಿ ಸ್ವಲ್ಪ ಬೇರೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್‌ಗೆ ಕಾಂತೀಯ ಗುಣವಿದೆ. ಹೆಚ್ಚಿನ ಗೆಡ್ಡೆಗಳು ಮಂಕಾಗಿ ಕಾಣುವ ಒಂದು ಬಗೆಯ ಎಂಆರ್‌ಐ ಚಿತ್ರದಲ್ಲಿ ಮೆಲನಿನ್ ತುಂಬಿದ ಗೆಡ್ಡೆ ಬೆಳ್ಳಗೆ ಹೊಳೆಯಬಲ್ಲದು. ಮಿದುಳಿಗೆ ಹರಡಿದ ಮೆಲನೋಮವನ್ನು ಗುರುತಿಸಲು ಇದು ನೆರವಾಗುತ್ತದೆ. ಆದರೆ ರಕ್ತ ಸೋರಿದ ಜಾಗವೂ ಹೀಗೆ ಹೊಳೆಯಬಹುದು, ಬಣ್ಣವಿಲ್ಲದ ಮೆಲನೋಮ ಹೊಳೆಯದೆಯೂ ಇರಬಹುದು. ಚರ್ಮದಡಿ ಬೇರಿನಂತೆ ಹಬ್ಬುವ ಡರ್ಮಟೋಫೈಬ್ರೋಸಾರ್ಕೋಮ ಎಂಬ ಅಪರೂಪದ ಗೆಡ್ಡೆಯಲ್ಲಿ ಎಂಆರ್‌ಐ ಆಳವನ್ನು ತೋರಿಸುತ್ತದೆ. ಎಲ್ಲಿಯವರೆಗೆ ಕತ್ತರಿಸಬೇಕೆಂದು ಶಸ್ತ್ರವೈದ್ಯರು ಯೋಚಿಸಲು ಅದು ಬೇಕು.

ಭಾರತೀಯರಲ್ಲಿ ಮೆಲನೋಮ ವಿರಳ. ಬಂದರೆ ಹಲವರಲ್ಲಿ ಅಂಗಾಲಿನಲ್ಲೋ ಉಗುರಿನಡಿಯಲ್ಲೋ ಕಾಣಿಸಿಕೊಳ್ಳುತ್ತದೆ. ಬಿಸಿಲಿಗೆ ಬೀಳದ ಜಾಗವಾದ್ದರಿಂದ ಅನುಮಾನ ಬರುವುದಿಲ್ಲ. ಆಣಿ, ಮುಳ್ಳು ಚುಚ್ಚಿದ ಗಾಯ, ಹಳೆಯ ಮಚ್ಚೆ ಎಂದುಕೊಂಡು ತಿಂಗಳುಗಳೇ ಕಳೆಯುತ್ತವೆ. ಈ ಹಂತದಲ್ಲಿ ಮಿಲಿಮೀಟರ್ ದಪ್ಪವೂ ಇಲ್ಲದ ಮಚ್ಚೆಯ ಮೇಲೆ ಎಂಆರ್‌ಐ ತೀರ್ಪು ಕೊಡಲಾರದು. ಹರಡಿದೆಯೇ, ಎಷ್ಟು ಆಳ ಎಂಬ ಪ್ರಶ್ನೆಗಳು ಬಯಾಪ್ಸಿಯ ನಂತರದವು.

ಹೈದರಾಬಾದಿಗೆ ರೈಲು ಹತ್ತುವವರಿಗೆ ಸ್ಕ್ಯಾನಿನ ಖರ್ಚು ದೊಡ್ಡದು, ಕಳೆದುಹೋಗುವ ದಿನಗಳು ಅದಕ್ಕಿಂತ ದೊಡ್ಡವು. ಬೆಳೆಯುತ್ತಿರುವ, ಬಣ್ಣ ಬದಲಿಸುವ, ಮಾಯದ ಮಚ್ಚೆಯ ಒಂದು ಚೂರನ್ನು ಸೂಕ್ಷ್ಮದರ್ಶಕದಡಿ ನೋಡುವ 1955ರ ವಿದ್ಯೆಯೇ ಇಂದಿಗೂ ಮೊದಲ ಹೆಜ್ಜೆ.